ಫಿಲ್ ಕ್ಯಾಟ್ಜ್

ಫಿಲಿಪ್ ವಾಲ್ಟರ್ ಕ್ಯಾಟ್ಜ್ (ನವೆಂಬರ್ 3, 1962 – ಏಪ್ರಿಲ್ 14, 2000) ಅಮೆರಿಕ ಸಂಯುಕ್ತ ಸಂಸ್ಥಾನದ ಕಂಪ್ಯೂಟರ್ ಪ್ರೋಗ್ರಾಮರ್. ಫಿಲ್ ಕ್ಯಾಟ್ಜ್ ಎಂದೇ ಪ್ರಸಿದ್ಧರಾದ ಇವರು ಜಿಪ್ ಕಡತ ರೂಪದ ಪ್ರಮುಖ ನಿರ್ಮಾತೃ, ಪಿಕೆಜಿಪ್ ತಂತ್ರಾಂಶದ ಕರ್ತೃ ಹಾಗೂ ಡಿಫ್ಲೇಟ್ ಎಂಬ ದತ್ತಾಂಶ ಸಂಕುಚನ ವಿಧಾನದ ರೂವಾರಿ. ಇವರು ಸ್ಥಾಪಿಸಿದ ಪಿಕೆವೇರ್ ಸಂಸ್ಥೆಯು ಶೇರ್‌ವೇರ್ ಯುಗದ ಹೆಸರಾಂತ ತಂತ್ರಾಂಶ ಸಂಸ್ಥೆಗಳಲ್ಲಿ ಒಂದಾಗಿತ್ತು. ಕ್ಯಾಟ್ಜ್ ಅವರ ವೃತ್ತಿಜೀವನವು ಕೃತಿಸ್ವಾಮ್ಯ, ಪರವಾನಗಿ ಮತ್ತು ಪೇಟೆಂಟ್ ಎಂಬ ಮೂರು ಕಾನೂನು ವಿಷಯಗಳೊಡನೆ ನಿಕಟವಾಗಿ ಹೆಣೆದುಕೊಂಡಿದೆ. ಕೃತಿಸ್ವಾಮ್ಯ ಉಲ್ಲಂಘನೆಯ ಮೊಕದ್ದಮೆಯೊಂದನ್ನು ಎದುರಿಸಿದ ಬಳಿಕ ಅವರು ಬಿಡುಗಡೆ ಮಾಡಿದ ಜಿಪ್ ರೂಪವು ಯಾರು ಬೇಕಾದರೂ ಬಳಸಬಹುದಾದ ಸ್ವತ್ತಾಯಿತು. ಅವರ ಡಿಫ್ಲೇಟ್ ವಿಧಾನವು ಜಿಜಿಪ್, ಜೆಡ್‌ಲಿಬ್ ಮತ್ತು ಪಿಎನ್‌ಜಿಗಳಂತಹ ಸ್ವತಂತ್ರ ತಂತ್ರಾಂಶ ಹಾಗೂ ಮುಕ್ತ ಮಾನಕಗಳಿಗೆ ಬುನಾದಿಯಾಯಿತು.

ಆರಂಭಿಕ ಜೀವನ ಮತ್ತು ಶಿಕ್ಷಣ

ಕ್ಯಾಟ್ಜ್ ಅವರು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ಪ್ರದೇಶದಲ್ಲಿ ಬೆಳೆದರು. ವಿಸ್ಕಾನ್ಸಿನ್–ಮಿಲ್ವಾಕೀ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನವನ್ನು ಅಭ್ಯಾಸ ಮಾಡಿ 1984ರಲ್ಲಿ ಪದವಿ ಪಡೆದರು. ಬಳಿಕ ಕೈಗಾರಿಕಾ ನಿಯಂತ್ರಣ ಉಪಕರಣಗಳನ್ನು ತಯಾರಿಸುತ್ತಿದ್ದ ಆಲನ್-ಬ್ರಾಡ್ಲಿ ಸಂಸ್ಥೆಯನ್ನು ಪ್ರೋಗ್ರಾಮರ್ ಆಗಿ ಸೇರಿದರು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್‌ಗಳಿಗೆ ಸಂಬಂಧಿಸಿದ ಸಂಕೇತಗಳನ್ನು ಬರೆಯುವುದು ಅಲ್ಲಿ ಅವರ ಕೆಲಸವಾಗಿತ್ತು. 1986ರಲ್ಲಿ ಆ ಉದ್ಯೋಗವನ್ನು ತೊರೆದು ಮಿಲ್ವಾಕೀಯ ಗ್ರೇಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆಗೆ ಸೇರಿದರು. ಬಿಡುವಿನ ವೇಳೆಯಲ್ಲಿ ಮನೆಯಲ್ಲಿ ಬರೆಯುತ್ತಿದ್ದ ಸಂಕುಚನ ತಂತ್ರಾಂಶವೇ ಮುಂದೆ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು.

ಹಿನ್ನೆಲೆ

1980ರ ದಶಕದಲ್ಲಿ ಜನಸಾಮಾನ್ಯರಿಗೆ ಅಂತರಜಾಲದ ಸಂಪರ್ಕವಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಹೊಂದಿದ್ದ ಆಸಕ್ತರು ಮೋಡೆಮ್ ಮೂಲಕ ದೂರವಾಣಿ ತಂತಿಯಲ್ಲಿ ಬುಲೆಟಿನ್ ಬೋರ್ಡ್ ವ್ಯವಸ್ಥೆಗಳಿಗೆ (ಬಿಬಿಎಸ್) ಕರೆಮಾಡಿ ಕಡತಗಳನ್ನು ಪಡೆದುಕೊಳ್ಳುತ್ತಿದ್ದರು. ಮೋಡೆಮ್‌ಗಳ ವೇಗ ಸೆಕೆಂಡಿಗೆ 1,200 ಅಥವಾ 2,400 ಬಿಟ್‌ಗಳಷ್ಟಿತ್ತು. ದೂರದ ಊರಿನ ಬೋರ್ಡಿಗೆ ಕರೆಮಾಡಿದರೆ ಪ್ರತಿ ನಿಮಿಷಕ್ಕೂ ಹಣ ತೆರಬೇಕಿತ್ತು. ಆದುದರಿಂದ ಕಡತವನ್ನು ಅರ್ಧಕ್ಕೆ ಇಳಿಸಿದರೆ ಕಾಲ ಮತ್ತು ಹಣ ಎರಡೂ ಅರ್ಧದಷ್ಟು ಉಳಿಯುತ್ತಿದ್ದವು. ಹಲವು ಕಡತಗಳನ್ನು ಒಂದೇ ಕಟ್ಟಾಗಿ ಕಟ್ಟಿ ಸಂಕುಚಿಸುವ ತಂತ್ರಾಂಶಗಳು ಈ ಕಾರಣದಿಂದ ಬೇಡಿಕೆ ಗಳಿಸಿದವು.

ಅಂದಿನ ಜನಪ್ರಿಯ ಸಾಧನವೆಂದರೆ ಥಾಮ್ ಹೆಂಡರ್ಸನ್ ಅವರು ಬರೆದ ಆರ್ಕ್. ಇದನ್ನು ನ್ಯೂಜೆರ್ಸಿಯ ಸಿಸ್ಟಮ್ ಎನ್‌ಹಾನ್ಸ್‌ಮೆಂಟ್ ಅಸೋಸಿಯೇಟ್ಸ್ (ಎಸ್‌ಇಎ) ಎಂಬ ಸಣ್ಣ ಸಂಸ್ಥೆ 1985ರಲ್ಲಿ ಹೊರತಂದಿತು. ಆರ್ಕ್‌ನ ಮೂಲಸಂಕೇತವು ಓದಲು ಲಭ್ಯವಿತ್ತು. ಆದರೆ ಅದು ಇಂದಿನ ಅರ್ಥದಲ್ಲಿ ಸ್ವತಂತ್ರ ತಂತ್ರಾಂಶವಾಗಿರಲಿಲ್ಲ. ಮಾರ್ಪಡಿಸಿದ ಆವೃತ್ತಿಯನ್ನು ಹಂಚಲು ಹಾಗೂ ಅದರಿಂದ ವಾಣಿಜ್ಯ ಲಾಭ ಪಡೆಯಲು ಎಸ್‌ಇಎ ಸಂಸ್ಥೆಯ ಅನುಮತಿ ಅಗತ್ಯವಾಗಿತ್ತು. ಮೂಲಸಂಕೇತವನ್ನು ನೋಡುವ ಅವಕಾಶವೂ ಅದನ್ನು ಬಳಸುವ ಹಕ್ಕೂ ಒಂದೇ ಅಲ್ಲ ಎಂಬ ಈ ವ್ಯತ್ಯಾಸವೇ ಮುಂದಿನ ವಿವಾದದ ಮೂಲವಾಯಿತು.

ಪಿಕೆಆರ್ಕ್ ಮತ್ತು ಪಿಕೆವೇರ್

ಕ್ಯಾಟ್ಜ್ ಅವರು ಆರ್ಕ್ ಕಡತಗಳನ್ನು ಬಿಚ್ಚುವ ಪಿಕೆಎಕ್ಸ್‌ಆರ್ಕ್ ಎಂಬ ತಂತ್ರಾಂಶವನ್ನೂ, ಅವುಗಳನ್ನು ರಚಿಸುವ ಪಿಕೆಆರ್ಕ್ ತಂತ್ರಾಂಶವನ್ನೂ ಬರೆದರು. ಮುಖ್ಯ ಭಾಗಗಳನ್ನು ಅಸೆಂಬ್ಲಿ ಭಾಷೆಯಲ್ಲಿ ಬರೆದಿದ್ದರಿಂದ ಇವು ಮೂಲ ಆರ್ಕ್‌ಗಿಂತ ಬಹಳ ವೇಗವಾಗಿ ಕೆಲಸ ಮಾಡುತ್ತಿದ್ದವು. ಪಿಕೆಆರ್ಕ್ ತನ್ನದೇ ಆದ ಸ್ಕ್ವಾಷ್ ಎಂಬ ಸಂಕುಚನ ವಿಧಾನವನ್ನೂ ಸೇರಿಸಿತು. ಬಳಕೆದಾರರು ಹಾಗೂ ಬಿಬಿಎಸ್ ನಿರ್ವಾಹಕರು ಶೀಘ್ರವಾಗಿ ಇದರತ್ತ ಒಲಿದರು.

1986ರಲ್ಲಿ ಕ್ಯಾಟ್ಜ್ ಪಿಕೆವೇರ್ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರಿನ ಮೊದಲೆರಡು ಅಕ್ಷರಗಳು ಅವರ ಹೆಸರಿನ ಮೊದಲಕ್ಷರಗಳೇ ಆಗಿವೆ. ಆರಂಭದಲ್ಲಿ ಸಂಸ್ಥೆಯು ಗ್ಲೆಂಡೇಲ್‌ನಲ್ಲಿದ್ದ ಅವರ ಮನೆಯಿಂದಲೇ ನಡೆಯುತ್ತಿತ್ತು. ತಾಯಿ ಹಿಲ್ಡಗಾರ್ಡ್ ಅವರೂ ವ್ಯವಹಾರದಲ್ಲಿ ನೆರವಾದರು. ತಂತ್ರಾಂಶವನ್ನು ಶೇರ್‌ವೇರ್ ರೂಪದಲ್ಲಿ ಹಂಚಲಾಗುತ್ತಿತ್ತು. ಅಂದರೆ ಯಾರು ಬೇಕಾದರೂ ಅದನ್ನು ನಕಲು ಮಾಡಿ ಪರೀಕ್ಷಿಸಬಹುದಿತ್ತು. ಇಷ್ಟವಾದರೆ ಶುಲ್ಕ ಕಳುಹಿಸಿ ನೋಂದಾಯಿಸಿಕೊಳ್ಳಬೇಕಿತ್ತು. ಮೂಲಸಂಕೇತವನ್ನು ಮಾತ್ರ ನೀಡುತ್ತಿರಲಿಲ್ಲ.

ಎಸ್‌ಇಎ ಮೊಕದ್ದಮೆ

1988ರಲ್ಲಿ ಎಸ್‌ಇಎ ಸಂಸ್ಥೆಯು ಕೃತಿಸ್ವಾಮ್ಯ ಮತ್ತು ವ್ಯಾಪಾರಮುದ್ರೆಯ ಉಲ್ಲಂಘನೆಯನ್ನು ಆರೋಪಿಸಿ ಕ್ಯಾಟ್ಜ್ ಮತ್ತು ಪಿಕೆವೇರ್ ವಿರುದ್ಧ ವಿಸ್ಕಾನ್ಸಿನ್ ಪೂರ್ವ ಜಿಲ್ಲೆಯ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಎರಡೂ ತಂತ್ರಾಂಶಗಳ ಮೂಲಸಂಕೇತಗಳನ್ನು ಸ್ವತಂತ್ರ ತಜ್ಞರೊಬ್ಬರು ಹೋಲಿಸಿ ನೋಡಿದರು. ಪಿಕೆಆರ್ಕ್ ಆರ್ಕ್‌ನಿಂದ ವ್ಯುತ್ಪನ್ನವಾದ ಕೃತಿ ಎಂಬ ನಿಲುವಿಗೆ ಅವರು ಬಂದರು. ಪ್ರೋಗ್ರಾಮರ್‌ಗಳು ತಮ್ಮ ತಿಳಿವಳಿಕೆಗಾಗಿ ಸಂಕೇತದ ನಡುವೆ ಬರೆದುಕೊಳ್ಳುವ ಟಿಪ್ಪಣಿಗಳು ಕೂಡ ಎರಡರಲ್ಲಿಯೂ ಒಂದೇ ಆಗಿದ್ದವು. ಅವುಗಳಲ್ಲಿನ ಕಾಗುಣಿತದ ತಪ್ಪುಗಳು ಸಹ ಹಾಗೆಯೇ ಉಳಿದುಕೊಂಡಿದ್ದವು.

ಅದೇ ವರ್ಷ ಪ್ರಕರಣವು ರಾಜಿಯಲ್ಲಿ ಮುಕ್ತಾಯಗೊಂಡಿತು. ಪಿಕೆವೇರ್ ಒಟ್ಟು 62,500 ಡಾಲರ್ ನೀಡಲು ಒಪ್ಪಿತು. ಆರ್ಕ್ ರೂಪಕ್ಕೆ ಹೊಂದುವ ತಂತ್ರಾಂಶಗಳನ್ನು 1989ರ ಜನವರಿ ಅಂತ್ಯದವರೆಗೆ ಮಾತ್ರ ಮಾರಲು ಅದಕ್ಕೆ ಪರವಾನಗಿ ದೊರೆಯಿತು. ಪಿಕೆಆರ್ಕ್ ಎಂಬ ಹೆಸರನ್ನು ಕೈಬಿಟ್ಟು ಪಿಕೆಪ್ಯಾಕ್ ಎಂಬ ಹೆಸರನ್ನು ಇಟ್ಟುಕೊಳ್ಳಲಾಯಿತು.

ಕಾನೂನಿನ ದೃಷ್ಟಿಯಲ್ಲಿ ಎಸ್‌ಇಎ ಗೆದ್ದರೂ ಬಿಬಿಎಸ್ ಸಮುದಾಯದ ಅಭಿಪ್ರಾಯ ಅದಕ್ಕೆ ವಿರುದ್ಧವಾಗಿ ತಿರುಗಿತು. ದೊಡ್ಡ ಸಂಸ್ಥೆಯೊಂದು ಒಬ್ಬ ಪ್ರತಿಭಾವಂತ ಪ್ರೋಗ್ರಾಮರ್‌ನನ್ನು ತುಳಿಯುತ್ತಿದೆ ಎಂಬ ಭಾವನೆ ಹರಡಿತು. ವಾಸ್ತವದಲ್ಲಿ ಎಸ್‌ಇಎ ಕೂಡ ಸಣ್ಣ ಸಂಸ್ಥೆಯೇ ಆಗಿತ್ತು. ಮೊಕದ್ದಮೆಯ ತಾಂತ್ರಿಕ ವಿವರಗಳನ್ನು ತಿಳಿಯದೆಯೇ ಅನೇಕರು ಪಕ್ಷ ವಹಿಸಿದರು. ಇದರ ಪರಿಣಾಮವಾಗಿ ಬಹಳಷ್ಟು ನಿರ್ವಾಹಕರು ಆರ್ಕ್ ರೂಪವನ್ನೇ ತ್ಯಜಿಸಲು ಸಿದ್ಧರಾದರು.

ಜಿಪ್ ಕಡತ ರೂಪ

ಪರವಾನಗಿಯ ಅವಧಿ ಮುಗಿಯುತ್ತಿದ್ದಂತೆ ಕ್ಯಾಟ್ಜ್ ಹೊಸ ಕಡತ ರೂಪವನ್ನೂ ಅದಕ್ಕೆ ತಕ್ಕ ಪಿಕೆಜಿಪ್ ತಂತ್ರಾಂಶವನ್ನೂ ಹೊರತಂದರು. ವೇಗವನ್ನು ಸೂಚಿಸುವ ಜಿಪ್ ಎಂಬ ಇಂಗ್ಲಿಷ್ ಪದ ಅದರ ಹೆಸರಾಯಿತು. ರೂಪದ ವಿನ್ಯಾಸದಲ್ಲಿ ಗ್ಯಾರಿ ಕಾನ್ವೇ ಅವರ ಇನ್ಫಿನಿಟಿ ಡಿಸೈನ್ ಕಾನ್ಸೆಪ್ಟ್ಸ್ ಸಂಸ್ಥೆಯೂ ಪಾಲುಗೊಂಡಿತ್ತು. 1989ರ ಫೆಬ್ರವರಿಯಲ್ಲಿ ಜಿಪ್ ಕಡತ ರೂಪವನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಲಾಯಿತು. ಕಡತದ ರಚನೆಯನ್ನು ಬೈಟ್ ಬೈಟಾಗಿ ವಿವರಿಸುವ ದಸ್ತಾವೇಜನ್ನು ತಂತ್ರಾಂಶದ ಜೊತೆಗೇ ಹಂಚಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಮುಕ್ತವಾದದ್ದು ಕಡತ ರೂಪವೇ ಹೊರತು ಪಿಕೆಜಿಪ್ ತಂತ್ರಾಂಶವಲ್ಲ. ಪಿಕೆಜಿಪ್ ಶೇರ್‌ವೇರ್ ಆಗಿಯೇ ಉಳಿಯಿತು. ಆದರೆ ರೂಪದ ವಿವರಣೆ ಎಲ್ಲರ ಕೈಯಲ್ಲಿದ್ದುದರಿಂದ ಬೇರೆಯವರು ಪಿಕೆವೇರ್‌ನ ಸಂಕೇತವನ್ನು ನೋಡದೆಯೇ ತಮ್ಮದೇ ತಂತ್ರಾಂಶವನ್ನು ಬರೆಯಲು ಸಾಧ್ಯವಾಯಿತು. ಆರ್ಕ್ ಪ್ರಕರಣದಲ್ಲಿ ಎದ್ದ ತೊಡಕು ಜಿಪ್ ವಿಷಯದಲ್ಲಿ ಎದುರಾಗದಿರಲು ಇದೇ ಕಾರಣ.

ಎಲ್‌ಜೆಡ್‌ಡಬ್ಲ್ಯೂ ಪೇಟೆಂಟ್‌ನ ನೆರಳು

ಕೃತಿಸ್ವಾಮ್ಯವು ಬರೆದ ಸಂಕೇತವನ್ನು ರಕ್ಷಿಸುತ್ತದೆ. ಪೇಟೆಂಟ್ ವಿಧಾನವನ್ನೇ ರಕ್ಷಿಸುತ್ತದೆ. ಸಂಕೇತವನ್ನು ಮೊದಲಿನಿಂದ ಸ್ವತಃ ಬರೆದವನೂ ಪೇಟೆಂಟ್ ಉಲ್ಲಂಘಿಸಿದವನಾಗಬಹುದು. ಸಂಕುಚನ ತಂತ್ರಾಂಶಗಳ ಕ್ಷೇತ್ರದಲ್ಲಿ ಈ ವ್ಯತ್ಯಾಸ ಬಹಳ ಮಹತ್ವದ್ದಾಯಿತು.

1977 ಮತ್ತು 1978ರಲ್ಲಿ ಇಸ್ರೇಲಿನ ಅಬ್ರಹಾಂ ಲೆಂಪೆಲ್ ಹಾಗೂ ಜಾಕೊಬ್ ಜಿವ್ ಅವರು ದತ್ತಾಂಶ ಸಂಕುಚನದ ಎರಡು ಮೂಲಭೂತ ವಿಧಾನಗಳನ್ನು ಪ್ರಕಟಿಸಿದರು. ಅವುಗಳನ್ನು ಎಲ್‌ಜೆಡ್77 ಮತ್ತು ಎಲ್‌ಜೆಡ್78 ಎಂದು ಕರೆಯಲಾಗುತ್ತದೆ. ಎರಡನೆಯದನ್ನು ಟೆರಿ ವೆಲ್ಚ್ ಪರಿಷ್ಕರಿಸಿ ಎಲ್‌ಜೆಡ್‌ಡಬ್ಲ್ಯೂ ವಿಧಾನವನ್ನು ರೂಪಿಸಿದರು. ಇದಕ್ಕೆ ಸ್ಪೆರಿ ಸಂಸ್ಥೆಯು 1983ರ ಜೂನ್‌ನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿತು. 1985ರ ಡಿಸೆಂಬರ್‌ನಲ್ಲಿ 4,558,302 ಸಂಖ್ಯೆಯ ಅಮೆರಿಕ ಪೇಟೆಂಟ್ ದೊರೆಯಿತು. 1986ರಲ್ಲಿ ಸ್ಪೆರಿ ಮತ್ತು ಬರೋಸ್ ಸಂಸ್ಥೆಗಳು ವಿಲೀನಗೊಂಡು ಯೂನಿಸಿಸ್ ಆದಾಗ ಪೇಟೆಂಟ್ ಯೂನಿಸಿಸ್‌ನ ಪಾಲಾಯಿತು. ಅದೇ ವಿಧಾನವನ್ನು ಒಳಗೊಳ್ಳುವ ಇನ್ನೊಂದು ಪೇಟೆಂಟ್ ಐಬಿಎಂ ಸಂಸ್ಥೆಗೂ ದೊರೆತಿತ್ತು.

ವೆಲ್ಚ್ ಅವರ ಲೇಖನವನ್ನು ಓದಿದ ಅನೇಕ ಪ್ರೋಗ್ರಾಮರ್‌ಗಳಿಗೆ ಪೇಟೆಂಟ್ ಇರುವ ಸಂಗತಿಯೇ ತಿಳಿದಿರಲಿಲ್ಲ. ಯುನಿಕ್ಸ್‌ನ ಕಂಪ್ರೆಸ್, ಆರ್ಕ್, ಪಿಕೆಆರ್ಕ್ ಹಾಗೂ 1987ರ ಜಿಫ್ ಚಿತ್ರ ರೂಪ ಇವೆಲ್ಲವೂ ಎಲ್‌ಜೆಡ್‌ಡಬ್ಲ್ಯೂವನ್ನು ಬಳಸಿಕೊಂಡಿದ್ದವು. ಪಿಕೆಜಿಪ್‌ನ ಆರಂಭಿಕ ಆವೃತ್ತಿಗಳಲ್ಲಿದ್ದ ಶ್ರಿಂಕ್ ವಿಧಾನವೂ ಅದರ ಒಂದು ರೂಪಾಂತರವೇ ಆಗಿತ್ತು. 1994ರ ಕೊನೆಯಲ್ಲಿ ಜಿಫ್ ಬಳಸುವ ತಂತ್ರಾಂಶಗಳಿಗೆ ಪರವಾನಗಿ ಶುಲ್ಕದ ಪ್ರಕಟಣೆ ಹೊರಬಿದ್ದಾಗ ಸಮಸ್ಯೆಯ ಗಾತ್ರ ಎಲ್ಲರಿಗೂ ಅರಿವಾಯಿತು.

ಸ್ವತಂತ್ರ ತಂತ್ರಾಂಶಗಳ ಮಟ್ಟಿಗೆ ಈ ಸಮಸ್ಯೆ ಇನ್ನೂ ತೀವ್ರವಾದದ್ದು. ವಾಣಿಜ್ಯ ಸಂಸ್ಥೆಯು ಮಾರಾಟವಾದ ಪ್ರತಿಯೊಂದಕ್ಕೂ ಇಂತಿಷ್ಟು ಎಂದು ಗೌರವಧನ ನೀಡಿ ಪರವಾನಗಿ ಪಡೆಯಬಲ್ಲದು. ಆದರೆ ಯಾರು ಬೇಕಾದರೂ ನಕಲು ಮಾಡಿ, ಮಾರ್ಪಡಿಸಿ, ಉಚಿತವಾಗಿ ಹಂಚಬಹುದಾದ ತಂತ್ರಾಂಶದಲ್ಲಿ ಪ್ರತಿಗಳ ಲೆಕ್ಕ ಇಡುವುದೇ ಅಸಾಧ್ಯ. ಆದುದರಿಂದ ಪೇಟೆಂಟ್ ಇರುವ ವಿಧಾನವನ್ನು ಬಿಟ್ಟು ಬೇರೆ ವಿಧಾನವನ್ನು ಹುಡುಕುವುದೊಂದೇ ದಾರಿಯಾಗಿತ್ತು.

ಡಿಫ್ಲೇಟ್

ಆ ದಾರಿಯನ್ನು ಒದಗಿಸಿದ್ದು ಕ್ಯಾಟ್ಜ್ ಅವರ ಡಿಫ್ಲೇಟ್. 1991ರ ಪಿಕೆಜಿಪ್ 1.93 ಪರೀಕ್ಷಾ ಆವೃತ್ತಿಯಲ್ಲಿ ಇದು ಕಾಣಿಸಿಕೊಂಡಿತು. 1993ರಲ್ಲಿ ಬಂದ ಪಿಕೆಜಿಪ್ 2.04ಜಿ ಆವೃತ್ತಿಯ ಮೂಲಕ ಜಗತ್ತಿನಾದ್ಯಂತ ಹರಡಿತು.

ಡಿಫ್ಲೇಟ್ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಎಲ್‌ಜೆಡ್77 ತತ್ತ್ವವನ್ನು ಆಧರಿಸಿದೆ. ಈಗಾಗಲೇ ಬಂದು ಹೋದ ಅಕ್ಷರಸಾಲು ಮತ್ತೆ ಬಂದಾಗ ಅದನ್ನು ಪುನಃ ಬರೆಯುವ ಬದಲು ಎಷ್ಟು ಹಿಂದೆ ಮತ್ತು ಎಷ್ಟು ಉದ್ದ ಎಂಬ ಎರಡು ಸಂಖ್ಯೆಗಳನ್ನು ಮಾತ್ರ ಬರೆಯಲಾಗುತ್ತದೆ. ಹಿಂದೆ ನೋಡುವ ದೂರ ಗರಿಷ್ಠ 32 ಕಿಲೋಬೈಟ್. ಸಾಲಿನ ಉದ್ದ 3ರಿಂದ 258 ಬೈಟ್. ಎರಡನೆಯ ಹಂತದಲ್ಲಿ ಡೇವಿಡ್ ಹಫ್‌ಮನ್ ಅವರು 1952ರಲ್ಲಿ ಪ್ರಕಟಿಸಿದ ಸಂಕೇತೀಕರಣವನ್ನು ಅನ್ವಯಿಸಲಾಗುತ್ತದೆ. ಹೆಚ್ಚು ಬಾರಿ ಬರುವ ಚಿಹ್ನೆಗಳಿಗೆ ಕಡಿಮೆ ಬಿಟ್‌ಗಳನ್ನೂ ಅಪರೂಪದ ಚಿಹ್ನೆಗಳಿಗೆ ಹೆಚ್ಚು ಬಿಟ್‌ಗಳನ್ನೂ ನೀಡುವುದು ಇದರ ತತ್ತ್ವ. ಎರಡೂ ಹಂತಗಳಲ್ಲಿ ಎಲ್‌ಜೆಡ್‌ಡಬ್ಲ್ಯೂವಿನ ಸೋಂಕಿಲ್ಲ. ಸಾಮಾನ್ಯವಾಗಿ ಡಿಫ್ಲೇಟ್ ಕಡತವನ್ನು ಎಲ್‌ಜೆಡ್‌ಡಬ್ಲ್ಯೂಗಿಂತ ಹೆಚ್ಚು ಕುಗ್ಗಿಸುತ್ತದೆ.

ಕ್ಯಾಟ್ಜ್ ಅವರ ಪೇಟೆಂಟ್

ಡಿಫ್ಲೇಟ್ ಕೂಡ ಪೇಟೆಂಟ್‌ನಿಂದ ಪೂರ್ತಿ ದೂರವಿರಲಿಲ್ಲ. 1990ರ ಆಗಸ್ಟ್‌ನಲ್ಲಿ ಕ್ಯಾಟ್ಜ್ ಸಲ್ಲಿಸಿದ ಅರ್ಜಿಗೆ 1991ರ ಸೆಪ್ಟೆಂಬರ್ 24ರಂದು 5,051,745 ಸಂಖ್ಯೆಯ ಅಮೆರಿಕ ಪೇಟೆಂಟ್ ದೊರೆಯಿತು. ಹಿಂದೆ ಬಂದ ಅಕ್ಷರಸಾಲನ್ನು ವೇಗವಾಗಿ ಹುಡುಕಲು ಹ್ಯಾಷ್ ಮೌಲ್ಯಗಳ ಪ್ರಕಾರ ವಿಂಗಡಿಸಿದ ಸೂಚಿಯನ್ನು ಬಳಸುವ ಕ್ರಮವು ಇದರ ವಿಷಯ.

ಈ ಪೇಟೆಂಟ್ ಸಂಕುಚಿಸುವಾಗ ಹುಡುಕುವ ಒಂದು ನಿರ್ದಿಷ್ಟ ಕ್ರಮಕ್ಕೆ ಸಂಬಂಧಿಸಿದ್ದು. ಸಂಕುಚಿತ ದತ್ತಾಂಶದ ರೂಪವಾಗಲಿ ಅದನ್ನು ಬಿಚ್ಚುವ ಕ್ರಿಯೆಯಾಗಲಿ ಆ ಹುಡುಕಾಟವನ್ನು ಅವಲಂಬಿಸಿಲ್ಲ. ಆದುದರಿಂದ ಬೇರೆ ಕ್ರಮದಲ್ಲಿ ಹುಡುಕಿ ಅದೇ ಡಿಫ್ಲೇಟ್ ರೂಪವನ್ನು ಉತ್ಪಾದಿಸಲು ಅಡ್ಡಿಯಿರಲಿಲ್ಲ. ಸ್ವತಂತ್ರ ತಂತ್ರಾಂಶದ ಬರಹಗಾರರು ಮಾಡಿದ್ದೂ ಇದನ್ನೇ. ವಿಂಗಡಿಸಿದ ಸೂಚಿಯ ಬದಲು, ಒಂದೇ ಹ್ಯಾಷ್ ಮೌಲ್ಯದ ಸ್ಥಾನಗಳನ್ನು ಬಂದ ಅನುಕ್ರಮದಲ್ಲಿ ಸರಪಳಿಯಂತೆ ಜೋಡಿಸುವ ಪದ್ಧತಿಯನ್ನು ಅವರು ಆರಿಸಿಕೊಂಡರು.

ಈ ಎಚ್ಚರಿಕೆ ಅನಗತ್ಯವಾಗಿರಲಿಲ್ಲ. ಎಲ್‌ಜೆಡ್77 ಆಧಾರಿತ ಹುಡುಕಾಟದ ವಿವಿಧ ತಂತ್ರಗಳಿಗೆ ಆಗ ಹಲವರು ಪೇಟೆಂಟ್ ಪಡೆದಿದ್ದರು. 1994ರಲ್ಲಿ ಇಂತಹ ಸಂಕುಚನ ಪೇಟೆಂಟ್‌ಗಳ ಉಲ್ಲಂಘನೆಗಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ಸ್ಟ್ಯಾಕ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ 12 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ಲಾಸ್ ಏಂಜಲೀಸ್‌ನ ಜ್ಯೂರಿ ತೀರ್ಮಾನಿಸಿತು.

ಸ್ವತಂತ್ರ ತಂತ್ರಾಂಶಗಳಲ್ಲಿ ಡಿಫ್ಲೇಟ್

ಜಿಪ್ ರೂಪದ ವಿವರಣೆಯನ್ನು ಆಧರಿಸಿ ಇನ್ಫೋ-ಜಿಪ್ ಎಂಬ ಸ್ವಯಂಸೇವಕರ ಗುಂಪು ಹಲವು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ನಡೆಯುವ ಜಿಪ್ ಮತ್ತು ಅನ್‌ಜಿಪ್ ತಂತ್ರಾಂಶಗಳನ್ನು ಮೂಲಸಂಕೇತ ಸಹಿತ ಉಚಿತವಾಗಿ ನೀಡಿತು. ಗುಂಪಿನ ಸದಸ್ಯರಾದ ಫ್ರಾನ್ಸಿನ ಜಾನ್-ಲೂ ಗೈಲಿ ಅವರು ಡಿಫ್ಲೇಟ್ ಸಂಕುಚನದ ಭಾಗವನ್ನೂ ಅಮೆರಿಕದ ಮಾರ್ಕ್ ಆಡ್ಲರ್ ಅವರು ಬಿಚ್ಚುವ ಭಾಗವನ್ನೂ ಬರೆದರು.

ಗ್ನೂ ಯೋಜನೆಗೆ ಯುನಿಕ್ಸ್‌ನ ಕಂಪ್ರೆಸ್ ತಂತ್ರಾಂಶದ ಸ್ಥಾನವನ್ನು ತುಂಬುವ, ಪೇಟೆಂಟ್‌ನ ತೊಡಕಿಲ್ಲದ ಸಾಧನವೊಂದು ಬೇಕಾಗಿತ್ತು. ಇದೇ ಗೈಲಿ ಮತ್ತು ಆಡ್ಲರ್ ಅವರು ಬರೆದ ಜಿಜಿಪ್‌ನ ಮೊದಲ ಆವೃತ್ತಿ 1992ರ ಅಕ್ಟೋಬರ್ 31ರಂದು ಬಿಡುಗಡೆಯಾಯಿತು. ಅದರೊಳಗಿನ ವಿಧಾನ ಡಿಫ್ಲೇಟ್. ಜಿಜಿಪ್‌ಗೆ ಗ್ನೂ ಸಾರ್ವತ್ರಿಕ ಸಾರ್ವಜನಿಕ ಪರವಾನಗಿ (ಜಿಪಿಎಲ್) ಅನ್ವಯಿಸುತ್ತದೆ. ಬಳಿಕ ಇಬ್ಬರೂ ಅದೇ ವಿಧಾನವನ್ನು ಜೆಡ್‌ಲಿಬ್ ಎಂಬ ಗ್ರಂಥಾಲಯ ರೂಪದಲ್ಲಿ 1995ರಲ್ಲಿ ಹೊರತಂದರು. ಅದರ ಪರವಾನಗಿ ಬಹಳ ಸಡಿಲವಾದದ್ದು. ವಾಣಿಜ್ಯ ತಂತ್ರಾಂಶಗಳಲ್ಲಿಯೂ ಅದನ್ನು ಸೇರಿಸಿಕೊಳ್ಳಬಹುದು. ಜಿಫ್‌ಗೆ ಪರ್ಯಾಯವಾಗಿ ರೂಪುಗೊಂಡು 1996ರಲ್ಲಿ ಅಂತಿಮಗೊಂಡ ಪಿಎನ್‌ಜಿ ಚಿತ್ರ ರೂಪವೂ ಡಿಫ್ಲೇಟನ್ನೇ ಅಳವಡಿಸಿಕೊಂಡಿತು.

1996ರ ಮೇ ತಿಂಗಳಲ್ಲಿ ಪೀಟರ್ ಡಾಯ್ಚ್ ಅವರು ಸಿದ್ಧಪಡಿಸಿದ ಆರ್‌ಎಫ್‌ಸಿ 1951 ಎಂಬ ದಸ್ತಾವೇಜಿನಲ್ಲಿ ಡಿಫ್ಲೇಟ್‌ನ ಪೂರ್ಣ ವಿವರಣೆ ಪ್ರಕಟವಾಯಿತು. ಪೇಟೆಂಟ್‌ಗೆ ಒಳಪಡದ ರೀತಿಯಲ್ಲಿ ಈ ರೂಪವನ್ನು ಅನುಷ್ಠಾನಗೊಳಿಸಬಹುದೆಂಬುದನ್ನು ಅದರ ಆರಂಭದಲ್ಲಿಯೇ ಸ್ಪಷ್ಟಪಡಿಸಲಾಗಿದೆ. ತಾಂತ್ರಿಕ ವಿವರಣೆಯೊಂದರಲ್ಲಿ ಕಾನೂನಿನ ಈ ಅಂಶಕ್ಕೆ ಮೊದಲ ಸಾಲುಗಳಲ್ಲಿಯೇ ಸ್ಥಾನ ದೊರೆತದ್ದು ಆ ಕಾಲದ ಆತಂಕವನ್ನು ಸೂಚಿಸುತ್ತದೆ.

ಕೊನೆಯ ವರ್ಷಗಳು ಮತ್ತು ನಿಧನ

1990ರ ದಶಕದಲ್ಲಿ ಬಳಕೆದಾರರು ಡಾಸ್‌ನಿಂದ ವಿಂಡೋಸ್‌ಗೆ ಸಾಗಿದರು. ಪಿಕೆವೇರ್ ಈ ಬದಲಾವಣೆಗೆ ತಡವಾಗಿ ಸ್ಪಂದಿಸಿತು. ನಿಕೊ ಮ್ಯಾಕ್ ಅವರ ವಿನ್‌ಜಿಪ್ ತಂತ್ರಾಂಶವು ಆ ಜಾಗವನ್ನು ಆಕ್ರಮಿಸಿಕೊಂಡಿತು. ಜಿಪ್ ರೂಪ ಮುಕ್ತವಾಗಿದ್ದುದರಿಂದಲೇ ಇಂತಹ ಪ್ರತಿಸ್ಪರ್ಧಿಗಳು ಬೆಳೆಯಲು ಸಾಧ್ಯವಾಯಿತು ಎಂಬುದು ಗಮನಾರ್ಹ.

ಕ್ಯಾಟ್ಜ್ ಪ್ರಚಾರದಿಂದ ದೂರ ಉಳಿದು ಏಕಾಂತದಲ್ಲಿ ಬದುಕಿದರು. ಬಹುಕಾಲದಿಂದ ಮದ್ಯವ್ಯಸನದಿಂದ ಬಳಲುತ್ತಿದ್ದ ಅವರ ಆರೋಗ್ಯವು ಕ್ರಮೇಣ ಕ್ಷೀಣಿಸಿತು. 2000ನೇ ಇಸವಿಯ ಏಪ್ರಿಲ್ 14ರಂದು ಮಿಲ್ವಾಕೀಯ ಹೋಟೆಲೊಂದರ ಕೊಠಡಿಯಲ್ಲಿ ಅವರು ಮೃತಪಟ್ಟಿರುವುದು ತಿಳಿದುಬಂದಿತು. ದೀರ್ಘಕಾಲದ ಮದ್ಯಸೇವನೆಯಿಂದ ಮೇದೋಜೀರಕ ಗ್ರಂಥಿಯಲ್ಲಿ ಉಂಟಾದ ರಕ್ತಸ್ರಾವ ಸಾವಿಗೆ ಕಾರಣವಾಗಿತ್ತು. ಆಗ ಅವರಿಗೆ 37 ವರ್ಷ. 2001ರಲ್ಲಿ ಪಿಕೆವೇರ್ ಸಂಸ್ಥೆಯು ಹೊಸ ಒಡೆತನಕ್ಕೆ ಸೇರಿತು.

ಪರಂಪರೆ

ಇಂದು ಜಿಪ್ ರೂಪವು ಆ ಹೆಸರಿನ ಕಡತಗಳಿಗಷ್ಟೇ ಸೀಮಿತವಾಗಿಲ್ಲ. ಜಾವಾದ ಜಾರ್ ಕಡತಗಳು, ಮೈಕ್ರೋಸಾಫ್ಟ್ ಆಫೀಸಿನ ಡಾಕ್ಸ್ ಕಡತಗಳು, ಓಪನ್ ಡಾಕ್ಯುಮೆಂಟ್ ದಾಖಲೆಗಳು, ಇಪಬ್ ಇ-ಪುಸ್ತಕಗಳು ಹಾಗೂ ಆಂಡ್ರಾಯ್ಡ್‌ನ ಎಪಿಕೆ ಕಡತಗಳು ಒಳಗಿನಿಂದ ಜಿಪ್ ಕಡತಗಳೇ ಆಗಿವೆ. ಸಾಮಾನ್ಯವಾಗಿ ಇವುಗಳ ಮೊದಲೆರಡು ಬೈಟ್‌ಗಳು ಇಂಗ್ಲಿಷಿನ ಪಿ ಮತ್ತು ಕೆ ಅಕ್ಷರಗಳನ್ನು ಸೂಚಿಸುತ್ತವೆ. ಜಾಲತಾಣಗಳ ಪುಟಗಳನ್ನು ಸರ್ವರ್‌ನಿಂದ ಬ್ರೌಸರ್‌ಗೆ ಕಳುಹಿಸುವಾಗಲೂ ಜಿಜಿಪ್ ರೂಪದ ಮೂಲಕ ಡಿಫ್ಲೇಟ್ ವ್ಯಾಪಕವಾಗಿ ಬಳಕೆಯಲ್ಲಿದೆ.

ಪೇಟೆಂಟ್ ಇರುವ ವಿಧಾನವನ್ನು ಬಿಟ್ಟು ಮುಕ್ತ ವಿಧಾನವನ್ನು ಆರಿಸುವ ಪರಿಪಾಠ ಮುಂದೆಯೂ ಸಾಗಿತು. ಜೂಲಿಯನ್ ಸೀವರ್ಡ್ ಅವರು ತಮ್ಮ ಬಿಜಿಪ್ ತಂತ್ರಾಂಶದಲ್ಲಿದ್ದ ಅರಿತ್‌ಮೆಟಿಕ್ ಸಂಕೇತೀಕರಣವನ್ನು ಪೇಟೆಂಟ್ ಭಯದಿಂದ ಕೈಬಿಟ್ಟು, ಬಿಜಿಪ್2ರಲ್ಲಿ ಹಫ್‌ಮನ್ ಸಂಕೇತೀಕರಣವನ್ನು ಅಳವಡಿಸಿದರು. ಅಮೆರಿಕದಲ್ಲಿ ಯೂನಿಸಿಸ್‌ನ ಎಲ್‌ಜೆಡ್‌ಡಬ್ಲ್ಯೂ ಪೇಟೆಂಟ್ 2003ರ ಜೂನ್ 20ರಂದು ಕೊನೆಗೊಂಡಿತು. ಆ ವೇಳೆಗೆ ಸ್ವತಂತ್ರ ತಂತ್ರಾಂಶಗಳಲ್ಲಿ ಕಂಪ್ರೆಸ್‌ನ ಸ್ಥಾನವನ್ನು ಜಿಜಿಪ್ ಪಡೆದು ಹಲವು ವರ್ಷಗಳಾಗಿದ್ದವು.

ಕ್ಯಾಟ್ಜ್ ಅವರ ಸಾಧನೆಯ ಮೌಲ್ಯಮಾಪನ ಸರಳವಲ್ಲ. ಅವರ ಮೊದಲ ಯಶಸ್ಸು ಮತ್ತೊಬ್ಬರ ಸಂಕೇತವನ್ನು ಆಧರಿಸಿತ್ತು. ಅದರ ನಷ್ಟವನ್ನು ಎಸ್‌ಇಎ ಸಂಸ್ಥೆ ಅನುಭವಿಸಿತು. ಅವರು ಸ್ವತಂತ್ರ ತಂತ್ರಾಂಶವನ್ನು ಬರೆದವರಲ್ಲ, ಪೇಟೆಂಟ್ ವ್ಯವಸ್ಥೆಯನ್ನು ವಿರೋಧಿಸಿದವರೂ ಅಲ್ಲ. ಆದರೂ ಕಡತ ರೂಪವನ್ನು ಯಾವ ನಿರ್ಬಂಧವೂ ಇಲ್ಲದೆ ಪ್ರಕಟಿಸಿದ ಅವರ ನಿರ್ಧಾರದಿಂದಾಗಿ, ಪೇಟೆಂಟ್‌ಗಳು ಸಂಕುಚನ ಕ್ಷೇತ್ರವನ್ನು ಆವರಿಸಿದ್ದ ಕಾಲದಲ್ಲಿ ಸ್ವತಂತ್ರ ತಂತ್ರಾಂಶಗಳಿಗೆ ನಿರಾತಂಕವಾದ ಮಾರ್ಗವೊಂದು ಲಭಿಸಿತು. ಅವರ ಸಂಸ್ಥೆಯ ತಂತ್ರಾಂಶವನ್ನು ಎಂದೂ ಬಳಸದವರು ಸಹ ಅವರು ರೂಪಿಸಿದ ವಿಧಾನವನ್ನು ಇಂದು ಪ್ರತಿದಿನ ಬಳಸುತ್ತಿದ್ದಾರೆ.